ಬೆಣ್ಣೆ ಬರದ ದಿನ

ಪ್ರೀತಿಯ ತಂಗಿಗೆ,

ನಿನ್ನ ಕತೆ ಓದಿದೆ. ಐರ್ಲೆಂಡಿನ ಹಳ್ಳಿ, ಮಂಜು, ಮಳೆ ಎಲ್ಲ ಚೆನ್ನಾಗಿದೆ. ಆದರೆ ಮೂರನೇ ಪುಟದಲ್ಲಿ ಬೆಳ್ಳಿ ರೆಕ್ಕೆಯ ಪುಟ್ಟ ಕಿನ್ನರಿ ಹಾರಿ ಬಂದಳಲ್ಲ, ಅಲ್ಲಿಗೆ ನನ್ನ ಆಸೆ ಹೋಯಿತು. ಬೇಜಾರು ಮಾಡ್ಕೋಬೇಡ.

ಆ ಹಳ್ಳಿಯವರು ನಂಬಿದ್ದು ರೆಕ್ಕೆಯವರನ್ನಲ್ಲ. ಹೆಚ್ಚುಕಮ್ಮಿ ನೆರೆಯವರಂಥವರೇ. ದನ ಸಾಕುತ್ತಾರೆ, ಕುಣಿಯುತ್ತಾರೆ, ಜಗಳಾಡುತ್ತಾರೆ. ಮನೆ ಮಾತ್ರ ಹೊಲದ ನಡುವಿನ ಹಳೇ ಮಣ್ಣುಕೋಟೆಯ ಒಳಗೆ. ಹೆಸರೆತ್ತಿ ಕರೆಯುವ ಹಾಗಿಲ್ಲ, 'ಒಳ್ಳೆಯ ಜನ' ಅನ್ನಬೇಕು. ಒಳ್ಳೆಯವರು ಅಂತಲ್ಲ, ಕೇಳಿಸಿಕೊಂಡುಬಿಟ್ಟಾರು ಅಂತ! ನೀನೂ ಹಾಗೇ ಕರೆ. ಕಿನ್ನರಿ, ಯಕ್ಷಿಣಿ ಅಂದರೆ ನಮ್ಮ ಓದುಗರು ಬೇರೆಲ್ಲಿಗೋ ಹೋಗಿಬಿಡುತ್ತಾರೆ.

ಈಗ ಬೆಣ್ಣೆಯ ವಿಷಯ. ನಿನ್ನ ಕತೆಯಲ್ಲಿ ಅದಿಲ್ಲ. ಮೇ ಒಂದನೇ ತಾರೀಕು ಮನೆಯಿಂದ ಕೆಂಡವನ್ನಾಗಲಿ ಹಾಲನ್ನಾಗಲಿ ಯಾರಿಗೂ ಕೊಡುತ್ತಿರಲಿಲ್ಲ. ಕೊಟ್ಟರೆ ವರ್ಷದ ಬೆಣ್ಣೆಯೂ ಅದರ ಹಿಂದೆಯೇ ಹೋದಂತೆ. ಆವತ್ತು ನಸುಕಿನಲ್ಲಿ ಯಾವಳಾದರೂ ಬೇರೆಯವರ ಹುಲ್ಲಿನ ಇಬ್ಬನಿಗೆ ಬಟ್ಟೆ ಎಳೆದು ಹಿಂಡಿಕೊಳ್ಳುವುದು ಕಂಡರೆ ಮುಗಿಯಿತು, ಮಾಟಗಾತಿ. ಮೊಲವಾಗಿ ಬಂದು ಹಸುವಿನ ಹಾಲು ಕುಡಿಯುತ್ತಾಳೆ ಅಂತಲೂ ಹೇಳುತ್ತಿದ್ದರು. ಮಜ್ಜಿಗೆ ಪೀಪಾಯಿಯಲ್ಲಿ ಕೋಲನ್ನು ಮೇಲೆ ಕೆಳಗೆ ಕುಟ್ಟಿ ಬೆಣ್ಣೆ ತೆಗೆಯುವಾಗ ಯಾರೇ ಒಳಗೆ ಬರಲಿ, 'ದೇವರು ಒಳ್ಳೇದು ಮಾಡಲಿ' ಅಂದು ತಾವೂ ನಾಲ್ಕು ಸಲ ಕೋಲು ಹಾಕಬೇಕು. ಸುಮ್ನೆ ನೋಡಿ ಹೋದರೆ ಅನುಮಾನ.

ಯಾಕಿಷ್ಟು ಭಯ? ಗೇಣಿ, ಕಣಮ್ಮಾ. ದಕ್ಷಿಣದ ಮನ್‌ಸ್ಟರ್ ಕಡೆಯ ಬಡವರ ಬೆಣ್ಣೆ ಕಾರ್ಕ್ ಪೇಟೆಗೆ ಹೋಗಬೇಕು, ಆ ದುಡ್ಡು ಒಡೆಯನಿಗೆ ಸೇರಬೇಕು. ಕೆನೆ ಬಿಸಿ ಜಾಸ್ತಿಯಾದರೂ ಕಮ್ಮಿಯಾದರೂ ಬೆಣ್ಣೆ ಬರಲ್ಲ ಅಂತ ಕಡೆಯುವವಳಿಗೂ ಗೊತ್ತಿತ್ತು. ಆದರೆ ಗೇಣಿಯ ದಿನ ಹತ್ತಿರ ಬಂದಾಗ ಪಕ್ಕದ ಮನೆಯವಳ ಕಣ್ಣು ಅನ್ನುವುದೇ ಸುಲಭ, ಅಲ್ವಾ?

ಇದನ್ನೆಲ್ಲ ಮುದ್ದಾದ ಹಳ್ಳಿ ನಂಬಿಕೆ ಅಂತ ಸವರಿಬಿಡಬೇಡ. 1895ರ ಮಾರ್ಚಿನಲ್ಲಿ ಟಿಪ್ಪರರಿಯ ಬ್ಯಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸು ಕಾಯಿಲೆ ಬಿದ್ದಳು. ಹೊಲಿಗೆ ಯಂತ್ರ ಇಟ್ಟುಕೊಂಡು, ಕೋಳಿ ಸಾಕಿ, ಸ್ವಂತ ದುಡ್ಡು ನೋಡಿದವಳು. ಇವಳು ನನ್ನ ಹೆಂಡತಿಯಲ್ಲ, 'ಒಳ್ಳೆಯ ಜನ' ಅವಳನ್ನು ಒಯ್ದು ಬದಲಿಗೆ ಬಿಟ್ಟು ಹೋದವಳು ಅಂದ ಗಂಡ. ಅವಳ ತಂದೆ, ನೆಂಟರು ಎದುರಿಗಿರುವಾಗಲೇ ಸೊಪ್ಪಿನ ಕಷಾಯ ಬಲವಂತವಾಗಿ ಕುಡಿಸಿದರು, 'ನೀನು ಬ್ರಿಜೆಟ್ ಹೌದಾ' ಅಂತ ಮತ್ತೆ ಮತ್ತೆ ಕೇಳಿದರು. ಹೌದು ಅಂದಳು. ಮರುದಿನ ಗಂಡ ಅವಳನ್ನು ಸುಟ್ಟ. ಆಮೇಲೆ ಕಪ್ಪು ಹಿಡಿಯ ಚಾಕು ಹಿಡಿದು ಮಣ್ಣುಕೋಟೆಯ ಬಳಿ ರಾತ್ರಿಯೆಲ್ಲ ಕಾದ. ನಿಜವಾದ ಹೆಂಡತಿ ಕುದುರೆ ಏರಿ ಬರುತ್ತಾಳೆ, ಕಟ್ಟಿದ ಹಗ್ಗ ಕತ್ತರಿಸಬೇಕು ಅಂತ. ಜೈಲಿನಿಂದ ಹೊರಬಂದದ್ದು 1910ರಲ್ಲಿ. ಅವನು ನಂಬಿದ್ದನೋ ನೆಪ ಮಾಡಿಕೊಂಡನೋ, ನಾನಂತೂ ಇನ್ನೂ ತೀರ್ಮಾನಿಸಿಲ್ಲ.

1937ರಿಂದ 1939ರವರೆಗೆ ಐರ್ಲೆಂಡಿನ ಶಾಲೆ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದ ನೋಟ್‌ಬುಕ್‌ಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಒಂದು ವಾರ ಅವನ್ನೇ ಓದು, ನನ್ನ ಮಾತು ಬಿಡು.

ತೊಟ್ಟಿಲ ದೃಶ್ಯ ಮಾತ್ರ ತೆಗೆಯಬೇಡ. ಅಲ್ಲಿರುವ ಬೆಳ್ಳಿ ಗಂಟೆ ತೆಗೆದು, ಒಲೆಯ ಕಬ್ಬಿಣದ ಇಕ್ಕಳವನ್ನು ಮಗುವಿನ ಮೇಲೆ ಅಡ್ಡಲಾಗಿ ಇಡು. ಕಬ್ಬಿಣ ಇದ್ದರೆ 'ಒಳ್ಳೆಯ ಜನ' ಮಗುವನ್ನು ಒಯ್ಯಲಾರರು ಅಂತ ನಂಬಿಕೆ. ತಾಯಿ ನೀರಿಗೆ ಹೋಗಿ ಬರಲಿ, ಅಷ್ಟರಲ್ಲಿ ಕೆಂಡ ಸರಿಸಲು ಅಜ್ಜಿಗೆ ಅದೇ ಇಕ್ಕಳ ಬೇಕಾಗಲಿ.

ನಿನ್ನ ಅಕ್ಕ