ಗುಂಡನಿಗೊಂದು ಪತ್ರ: ಪುಟ್ಟಿ ಹೊರಟಿರುವ ಕಾಲೇಜಿನ ಬಗ್ಗೆ

ಲೋ ಗುಂಡಾ,

ಮೊನ್ನೆ ಫೋನಿನಲ್ಲಿ ಮುಕ್ಕಾಲು ಗಂಟೆ ಸುತ್ತಿ ಬಳಸಿ ಕೊನೆಗೆ ಕೇಳಿದೆಯಲ್ಲ, "ಅಲ್ಲಿ ಪುಟ್ಟೀನ ಕ್ರಿಶ್ಚಿಯನ್ ಮಾಡಿಬಿಡ್ತಾರೇನೋ?" ಅಂತ. ಬರೆದು ತಿಳಿಸ್ತೀನಿ ಅಂದಿದ್ದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿರುವುದಕ್ಕೆ ಬೈಯಬೇಡ. ಈ ವರ್ಷ ಇದೇ ಪ್ರಶ್ನೆ ಇಟ್ಟುಕೊಂಡು ಬಂದವರು ಇನ್ನೂ ಇದ್ದಾರೆ, ಎಲ್ಲರೂ ನಿನ್ನಷ್ಟೇ ಮರ್ಯಾದಸ್ಥರು, ಬಾಯಿಬಿಟ್ಟು ಕೇಳಲಾರರು. ಬಕೆಟ್ಟಿನ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಆಣೆ.

ಮೊದಲು ಮತಾಂತರದ ಮಾತು. ಪುಟ್ಟಿ ಹೊರಟಿರುವ, ಅಮೆರಿಕದ ಇಂಡಿಯಾನಾ ರಾಜ್ಯದ ಗೋಶೆನ್ ಕಾಲೇಜು ಮೆನೊನೈಟರು ಅನ್ನುವ ಕ್ರೈಸ್ತ ಪಂಗಡದ್ದು. ಆ ಪಂಗಡ ಹುಟ್ಟಿದ್ದೇ ಈ ಜಗಳದಿಂದ. 1525ರ ಜನವರಿಯಲ್ಲಿ ಜೂರಿಕ್‌ನಲ್ಲಿ ಒಂದಷ್ಟು ಜನ, ತೊಟ್ಟಿಲ ಕೂಸಿಗೆ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ಬುದ್ಧಿ ಬಲಿತವರು ತಾವಾಗಿ ಕೇಳಿ ಪಡೆದದ್ದೇ ದೀಕ್ಷೆ ಎಂದು ಹೊಸದಾಗಿ ಸ್ನಾನ ಮಾಡಿಸಿಕೊಂಡರು. ಎರಡೇ ವರ್ಷಕ್ಕೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ. ತಮ್ಮ ಮಕ್ಕಳಿಗೇ ಬಲವಂತದ ದೀಕ್ಷೆ ಬೇಡ ಅಂದವರು ನಿನ್ನ ಮಗಳ ತಲೆಗೆ ನೀರು ಚಿಮುಕಿಸಲು ಹೊಂಚು ಹಾಕಿ ಕೂತಿಲ್ಲ. ಕಾಲೇಜು ಶುರುವಾದದ್ದು 1894ರಲ್ಲಿ, ಎಲ್ಕಾರ್ಟ್ ಊರಿನಲ್ಲಿ. ನಮ್ಮ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದ ವರ್ಷವೂ ಅದೇ. ಇಂಥ ಕಾಕತಾಳೀಯ ಕಂಡರೆ ನಿನಗೆ ಖುಷಿ ಅಂತ ಹೇಳಿದೆ, ಸಂಬಂಧ ಏನೂ ಇಲ್ಲ.

ಎಲ್ಲ ಚರ್ಚ್ ಕಾಲೇಜೂ ಹೀಗೇ ಅಂದುಕೋಬೇಡ ಮತ್ತೆ. ಕೆಲವು ಕಡೆ ವಿದ್ಯಾರ್ಥಿಗಳೂ ನಡತೆಯ ಒಡಂಬಡಿಕೆಗೆ ಸಹಿ ಹಾಕಬೇಕು. ಕೆಲವು ಕಡೆ ಚರ್ಚ್ ಉಳಿದಿರುವುದು ಹೆಸರಿನಲ್ಲಿ, ಹಳೇ ಗಂಟೆಗೋಪುರದಲ್ಲಿ ಮಾತ್ರ. ಬಣ್ಣದ ಕರಪತ್ರ ನೋಡಿದರೆ ಇದು ಗೊತ್ತಾಗಲ್ಲ. ವಿದ್ಯಾರ್ಥಿ ಕೈಪಿಡಿ ತೆಗೆದು ನಾಲ್ಕು ವಿಷಯ ಹುಡುಕು: ಚಾಪೆಲ್, ಅಂದರೆ ಕಾಲೇಜಿನ ಪ್ರಾರ್ಥನಾಸಭೆಯ ಹಾಜರಿ ಎಣಿಸುತ್ತಾರೋ, ಬೈಬಲ್ ಕೋರ್ಸ್ ಎಷ್ಟು ಕಡ್ಡಾಯ, ಮೇಷ್ಟ್ರುಗಳು ಅದೇ ಮತದವರಾಗಿರಲೇಬೇಕೋ, ಹಾಸ್ಟೆಲ್ ನಿಯಮ ಮುರಿದರೆ ಏನು ಶಿಕ್ಷೆ. ಕೊನೆಯದನ್ನು ಯಾರೂ ಓದಲ್ಲ, ಆಮೇಲೆ ನನಗೆ ಫೋನು ಬರುವುದು ಮಾತ್ರ ಅದರಿಂದಲೇ.

ಇನ್ನು ದುಡ್ಡು. ನಿನ್ನಂಥ ಬ್ಯಾಂಕಿನವನೂ ಎಡವುವ ಜಾಗ ಇದು. ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಇಷ್ಟು ಡಾಲರ್ ಅಂತ ನಿಗದಿಯಾಗಿರುತ್ತದೆ, ಫೀ ಮಾತ್ರ ವರ್ಷಾ ವರ್ಷ ಏರುತ್ತದೆ. ಲೆಕ್ಕಕ್ಕೆ ಫೀ 40,000, ಸ್ಕಾಲರ್‌ಶಿಪ್ 22,000 ಅಂತ ಇಟ್ಟುಕೋ. ಮೊದಲ ವರ್ಷ ನೀನು ಕಟ್ಟುವುದು 18,000. ವರ್ಷಕ್ಕೆ ಶೇ. 4 ಏರಿದರೆ ನಾಲ್ಕನೇ ವರ್ಷ ಫೀ ಸುಮಾರು 45,000, ನಿನ್ನ ಪಾಲು 23,000. ಫೀ ಏರಿದ್ದು ಶೇ. 12.5, ನಿನ್ನ ಜೇಬಿಗೆ ಬಿದ್ದ ಹೊರೆ ಶೇ. 28ರ ಹತ್ತಿರ. ಅದಕ್ಕೇ ಈಗಲೇ ಈಮೇಲ್ ಹಾಕಿ ಕೇಳು: ನಾಲ್ಕೂ ವರ್ಷ ಸಿಗುತ್ತದೋ, ಎಷ್ಟು ಜಿಪಿಎ (ಅಂಕಗಳ ಸರಾಸರಿ) ಉಳಿಸಿಕೊಳ್ಳಬೇಕು, ಹಾಸ್ಟೆಲ್ ಬಿಟ್ಟು ಹೊರಗಿದ್ದರೆ ಕಡಿತ ಉಂಟೋ. ಉತ್ತರ ಬರಹದಲ್ಲೇ ಬರಲಿ. ಕ್ಯಾಂಪಸ್ ಕೆಲಸ ನಂಬಿ ಬಜೆಟ್ ಹಾಕಬೇಡ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ದಾಟುವಂತಿಲ್ಲ, ಅಷ್ಟು ಗಂಟೆ ಸಿಗುವುದೂ ಅಪರೂಪ.

ಸಣ್ಣ ಕಾಲೇಜಿನ ನಿಜವಾದ ತೊಂದರೆ ಧರ್ಮದ್ದಲ್ಲ ಮಾರಾಯ, ಟೈಮ್‌ಟೇಬಲ್ಲಿನದು. ಒಂದು ವಿಭಾಗದಲ್ಲಿ ಮೂವರೋ ನಾಲ್ವರೋ ಮೇಷ್ಟ್ರು. ಮೇಲಿನ ಹಂತದ ಕೋರ್ಸುಗಳನ್ನು ವರ್ಷ ಬಿಟ್ಟು ವರ್ಷ ನಡೆಸುತ್ತಾರೆ. ಎರಡನೇ ವರ್ಷ ಆರ್ಗಾನಿಕ್ ಕೆಮಿಸ್ಟ್ರಿ ತಪ್ಪಿಸಿಕೊಂಡವಳಿಗೆ ಅದರ ಮೇಲೆ ನಿಂತ ಬಯೋಕೆಮಿಸ್ಟ್ರಿ ಮೂರನೇ ವರ್ಷ ಸಿಗುವುದಿಲ್ಲ, ನಾಲ್ಕನೇ ವರ್ಷ ಆ ಕೋರ್ಸೇ ಇಲ್ಲ. ಕಲಿಸುವವರು ಸಬಾಟಿಕಲ್ ಅನ್ನುವ ದೀರ್ಘ ಅಧ್ಯಯನ ರಜೆ ಮೇಲೆ ಹೋದರಂತೂ ಮುಗಿಯಿತು. ಮೊದಲ ಸೆಮಿಸ್ಟರಿನಲ್ಲೇ ಸಲಹೆಗಾರರ ಎದುರು ಕೂತು ಎಂಟೂ ಸೆಮಿಸ್ಟರಿನ ಪಟ್ಟಿ ಬರೆಸಿಕೊಳ್ಳಲಿ. ಪದವಿಗೆ 120 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ ಸರಾಸರಿ 15. ಕಷ್ಟ ಅಂತ ಒಂದು ಕೋರ್ಸ್ ಬಿಟ್ಟು 12ಕ್ಕಿಂತ ಕೆಳಗಿಳಿದರೆ ವೀಸಾಕ್ಕೇ ಕುತ್ತು. ಬಿಡುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಬೇಕು. ಬಿಟ್ಟ ಮೇಲೆ ಹೋದರೆ ಪ್ರಯೋಜನವಿಲ್ಲ.

ಓದು ಮುಗಿದ ಮೇಲೆ ಕೆಲಸಕ್ಕೆ 12 ತಿಂಗಳು ಅವಕಾಶ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ವಿಷಯಕ್ಕೆ ಇನ್ನೂ 24. ಇದನ್ನು ತೀರ್ಮಾನಿಸುವುದು ವಿಷಯದ ಹೆಸರಲ್ಲ, ವೀಸಾಕ್ಕೆಂದು ಕಾಲೇಜು ಕೊಡುವ ಐ-20 ಪತ್ರದಲ್ಲಿ ಅಚ್ಚಾದ ಆರಂಕಿಯ ಸಂಖ್ಯೆ. ಅರ್ಥಶಾಸ್ತ್ರ 45.0601 ಅಂತಿದ್ದರೆ ಪಟ್ಟಿಯ ಹೊರಗೆ, 45.0603 ಇದ್ದರೆ ಒಳಗೆ. ಪುಟ್ಟಿಯ ಜೀವಶಾಸ್ತ್ರಕ್ಕೆ ಈ ತಲೆನೋವಿಲ್ಲ. ಅವಳು ಹೋದಮೇಲೆ ಇತಿಹಾಸಕ್ಕೆ ಬದಲಾದರೆ ನನ್ನನ್ನು ಹಿಡಿಯಬೇಡ. ಲಿಬರಲ್ ಆರ್ಟ್ಸ್ ಅಂದರೆ ಅದೇ ಕಣೋ, ಮನಸ್ಸು ಬದಲಾಯಿಸಲಿ ಅಂತಲೇ ಎರಡು ವರ್ಷ ಬಿಟ್ಟಿರುತ್ತಾರೆ.

ಅಲ್ಲಿ ಅವಳನ್ನು ಬದಲಾಯಿಸುವಂಥದ್ದು ಏನಾದರೂ ಇದ್ದರೆ ಬೇರೆ ಇದೆ. ವಾದ್ಯವಿಲ್ಲದೆ ನಾಲ್ಕು ಸ್ವರಭಾಗಗಳಲ್ಲಿ ಹಾಡುವುದು ಮೆನೊನೈಟರಿಗೆ ನೀರು ಕುಡಿದಷ್ಟು ಸಲೀಸು. ಒಂದು ಹಾಡಿಗಂತೂ 1969ರ ಪುಸ್ತಕದಲ್ಲಿದ್ದ ಸಂಖ್ಯೆಯೇ ಹೆಸರಾಗಿ ನಿಂತಿದೆ, '606' ಅಂತ. 1992ರ ಪುಸ್ತಕದಲ್ಲಿ ಅದು 118 ಆಯಿತು, ಕರೆಯುವುದು ಮಾತ್ರ 606. ಯುದ್ಧ ಬೇಡ ಅನ್ನುವ ಜನ. ಕಾಲೇಜಿನ ಆಟದ ಮೈದಾನದಲ್ಲಿ ರಾಷ್ಟ್ರಗೀತೆ ನುಡಿಸುತ್ತಲೇ ಇರಲಿಲ್ಲ. 2010ರಲ್ಲಿ ಶುರುಮಾಡಿ, ಮರುವರ್ಷವೇ ಕೈಬಿಟ್ಟರು. 1968ರಲ್ಲಿ ವಿದ್ಯಾರ್ಥಿಗಳನ್ನು ಒಂದಿಡೀ ಅವಧಿ ಬೇರೆ ದೇಶಕ್ಕೆ ಕಳಿಸುವ ಪದ್ಧತಿ ಶುರುಮಾಡಿದರು. ಯಾರದೋ ಮನೆಯಲ್ಲಿ ಉಳಿದು, ಮೊದಲರ್ಧ ಭಾಷೆ ಕಲಿತು, ಉಳಿದರ್ಧ ಅಲ್ಲಿಯವರು ಹೇಳಿದ ಕೆಲಸ ಮಾಡುವುದು ಅದರ ಕ್ರಮ. ಕಾಲೇಜಿನ ಧ್ಯೇಯವಾಕ್ಯವೇ 'ಕಲ್ಚರ್ ಫಾರ್ ಸರ್ವಿಸ್'.

ಸೇವೆ. ನಮಗೆ ಈ ಪದ ಕೇಳಿದರೆ ಕೌಂಟರಿನ ರಶೀದಿ ನೆನಪಾಗುತ್ತದೆ. ಕಾಲೇಜು ಅರ್ಜಿಗೆ ಪುಟ್ಟಿ ಬರೆದ ಪ್ರಬಂಧ ತಿದ್ದಿಕೊಟ್ಟವನು ನಾನು, ಗೊತ್ತಲ್ಲ. ನಿಮ್ಮೂರ ದೇವಸ್ಥಾನದ ಸಂತರ್ಪಣೆಯಲ್ಲಿ ಬಡಿಸಿದ್ದರ ಬಗ್ಗೆ ಬರೆದಿದ್ದಳು. ಅದನ್ನು ಓದಲು ಚೆನ್ನಾಗಿರುವ 'ಸಮುದಾಯ ಸೇವೆ' ಮಾಡಿಕೊಟ್ಟೆ. ಅದರಲ್ಲೊಂದು ವಾಕ್ಯವಿತ್ತು: ಒಳಗೊಂದು ಪಂಕ್ತಿ, ಹೊರಗೊಂದು ಪಂಕ್ತಿ ಯಾಕೆ ಅಂತ ಕೇಳಿದೆ, ಅನ್ನ ಆರುತ್ತೆ ಹೋಗು ಅಂದರು, ಅಂತ. ತೆಗೆದುಹಾಕಿದೆ. 650 ಪದದ ಮಿತಿ ದಾಟುತ್ತೆ ಕಣೇ ಅಂದೆ. ಆಗ 588 ಇತ್ತು.

ಗುಂಡಾ, ಅವತ್ತು ನಾವಿಬ್ಬರೂ ಒಳಗಿನ ಪಂಕ್ತಿಯಲ್ಲೇ ಕೂತಿದ್ದೆವು. ಪಾಯಸ ಎರಡು ಸಲ ಹಾಕಿಸಿಕೊಂಡೆವು. ಬಡಿಸುತ್ತಿದ್ದವಳು ಅವಳೇ. ಅನ್ನ ಆರುತ್ತೆ ಅಂದದ್ದು ಯಾರು ಅಂತ ಅವಳು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ತೆಗೆಯದೆ ಬಿಟ್ಟಿದ್ದರೆ ಆ ಕಾಲೇಜಿನವರು ಅವಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದದ್ದು ಬಹುಶಃ ಆ ಒಂದು ವಾಕ್ಯದ ಬಗ್ಗೆಯೇ. ನೀನು ಮತಾಂತರದ ಸುತ್ತ ಸುತ್ತಿ ಬಳಸುತ್ತಿದ್ದಾಗ ಮುಕ್ಕಾಲು ಗಂಟೆ ನಾನು ಹೂಂ ಹೂಂ ಅಂದದ್ದು ಇದಕ್ಕೇ.

ಆಯ್ತು, ಬಿಡು. ಈ ಭಾಗಕ್ಕೆ ನಿನ್ನ ಮಾವ ಲೈಕ್ ಒತ್ತಿದರೆ ಮಾತ್ರ ಫೋನ್ ಮಾಡು.

ಉಳಿದದ್ದು: ಐ-20 ಕೈಚೀಲದಲ್ಲೇ ಇರಲಿ, ಸೂಟ್‌ಕೇಸು ಕೈಗೆ ಸಿಗುವುದು ಇಮಿಗ್ರೇಶನ್ ದಾಟಿದ ಮೇಲೆ. ಅದರಲ್ಲಿ ಬರೆದಿರುವ ಕಾರ್ಯಕ್ರಮದ ಆರಂಭ ದಿನಾಂಕಕ್ಕೆ 30 ದಿನಕ್ಕಿಂತ ಮುಂಚೆ ಒಳಗೆ ಬಿಡಲ್ಲ. ಚಿಕಾಗೊ ಗಡಿಯಾರ ಗೋಶೆನ್‌ಗಿಂತ ಒಂದು ಗಂಟೆ ಹಿಂದೆ, ಊರಿಗೆ ಬರುವ ವಿಮಾನ ತಪ್ಪದಿರಲು ಅದೊಂದು ಲಾಭ, ವಾಪಸ್ ಹೋಗುವಾಗ ಅಷ್ಟೇ ನಷ್ಟ. ಇಂಗಿನ ಡಬ್ಬಿಗೆ ಎರಡು ಜಿಪ್ ಕವರ್ ಹಾಕಿಸು, ರೂಮ್‌ಮೇಟ್ ಶಾಂತಿವಾದಿಯಾದರೂ ಮೂಗು ಮೂಗೇ. ಬಕೆಟ್ ಕೊಟ್ಟು ಕಳಿಸಬೇಡ.

ನಿನ್ನ,
ಎರಡನೇ ಸಲ ಪಾಯಸ ಹಾಕಿಸಿಕೊಂಡವನು