ನೀರಿನಂಚಿಗೆ ಇಟ್ಟ ಕಲ್ಲು

ಕ್ರೈಸ್ಟ್‌ಚರ್ಚ್,
ನ್ಯೂಜಿಲೆಂಡ್,
ನವೆಂಬರ್ 2

ತೀರ್ಥರೂಪರಾದ ಅಪ್ಪಯ್ಯನವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಪ್ಪಯ್ಯ, ಮೊದಲು ಈ ಒಂದು ಮಾತನ್ನು ಅಮ್ಮನಿಗೆ ಓದಿ ಹೇಳಿಬಿಡಿ, ಮಿಕ್ಕದ್ದು ಆಮೇಲೆ. ಸೋಮವಾರ ಸಂಜೆ ಫೋನ್ ಮಾಡುತ್ತೇನೆ ಎಂದವಳು ಬುಧವಾರದವರೆಗೆ ಮಾಡಲಿಲ್ಲ. ಮಾಡಿದಾಗಲೂ ‘ಬೆಟ್ಟದಲ್ಲಿ ಸಿಗ್ನಲ್ ಇರಲಿಲ್ಲ’ ಎಂದಷ್ಟೇ ಹೇಳಿ ಮಾತು ತಿರುಗಿಸಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅಮ್ಮನ ದನಿ ನಡುಗುತ್ತಿತ್ತು, ಆ ಹೊತ್ತಿನಲ್ಲಿ ಹೊಳೆಯ ಸುದ್ದಿ ಎತ್ತಲು ನನಗೆ ಬಾಯಿ ಬರಲಿಲ್ಲ. ನಾಲ್ಕು ದಿನದಿಂದ ಅದು ಎದೆಯಲ್ಲೇ ಕೂತಿದೆ. ಅದಕ್ಕೇ ಈ ಕಾಗದ.

ಅಕ್ಟೋಬರ್ ತಿಂಗಳ ನಾಲ್ಕನೆಯ ಸೋಮವಾರ ಇಲ್ಲಿ ಕಾರ್ಮಿಕರ ದಿನ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ನಮ್ಮ ಪ್ರಯೋಗಾಲಯದ ಗೆಳತಿ ಇಲ್ಲಿಯವಳೇ, ಚಿಕ್ಕಂದಿನಿಂದ ಬೆಟ್ಟ ಸುತ್ತಿದವಳು. ಅವಳ ಜೊತೆ ಆರ್ಥರ್ಸ್ ಪಾಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆ. ಕ್ರೈಸ್ಟ್‌ಚರ್ಚ್‌ನಿಂದ ಪಶ್ಚಿಮಕ್ಕೆ ಸುಮಾರು ಎರಡು ಗಂಟೆಯ ಕಾರಿನ ದಾರಿ. ಆಗುಂಬೆಯಂತೆ ಇದೂ ಒಂದು ಘಾಟಿ, 920 ಮೀಟರ್ ಎತ್ತರದಲ್ಲಿದೆ. 1864ರಲ್ಲಿ ಆರ್ಥರ್ ಡಾಬ್ಸನ್ ಎಂಬ ಮೋಜಣಿದಾರ ಇದನ್ನು ದಾಟಿದ ಮೇಲೆ ಅವನ ಹೆಸರೇ ನಿಂತಿತು. ಅದಕ್ಕೆ ಎಷ್ಟೋ ಮುಂಚಿನಿಂದ ಈ ನೆಲದ ಮೂಲನಿವಾಸಿಗಳಾದ ನೈ ತಾಹು ಮಾವೊರಿ ಜನ ಹಸಿರು ಶಿಲೆಯನ್ನು ಅರಸಿ ಇಂಥ ಘಾಟಿಗಳನ್ನು ಕಾಲ್ನಡಿಗೆಯಲ್ಲೇ, ನಾರಿನ ಚಪ್ಪಲಿ ಮೆಟ್ಟಿ, ದಾಟಿ ಪಡುವಣ ಕರಾವಳಿಗೆ ಹೋಗಿ ಬರುತ್ತಿದ್ದರು.

ಹೆದ್ದಾರಿಯ ಬದಿಯಲ್ಲಿ ಕಾರು ಬಿಟ್ಟು ಒಂದು ಕಣಿವೆಯೊಳಗೆ ನಡೆದೆವು. ದಾರಿ ಎಂದರೆ ಹೊಳೆಯ ಪಾತ್ರವೇ. ಅಗಲಕ್ಕೆ ಹರಡಿದ ಬೂದು ಕಲ್ಲುಗಳ ನಡುವೆ ನೀರು ಮೂರು ನಾಲ್ಕು ಎಳೆಯಾಗಿ ಹರಿಯುತ್ತದೆ. ಅಲ್ಲಿ ಸೇತುವೆ ಇಲ್ಲ, ನಮ್ಮಲ್ಲಿಯ ಹಾಗೆ ಎರಡು ಅಡಿಕೆ ಮರ ಹಾಸಿದ ಕಾಲುಸಂಕವೂ ಇಲ್ಲ. ಎಲ್ಲಿ ನೀರು ತೆಳುವಾಗಿ ಹರಡಿದೆಯೋ ಅಲ್ಲಿ ಇಳಿದು ದಾಟಬೇಕು. ಆ ದಿನ ಐದು ಸಲ ದಾಟಿದೆವು, ಎಲ್ಲಿಯೂ ಮೊಣಕಾಲು ಮೀರಲಿಲ್ಲ. ಹಿಮ ಕರಗಿದ ನೀರು. ಮೂಳೆಯೊಳಗೆ ಸೂಜಿ ಇಳಿದ ಹಾಗೆ ತಣ್ಣಗೆ.

ಆಮೇಲೆ ಕಾಡು. ಬೀಚ್ ಎಂಬ ಜಾತಿಯ ಮರಗಳು, ಎಲೆ ಕಿರುಬೆರಳಿನ ಉಗುರಿನಷ್ಟೇ. ಬುಡದಿಂದ ಕೊಂಬೆಯವರೆಗೆ ಪಾಚಿ. ಅಪ್ಪಯ್ಯ, ನೀವು ನಂಬುತ್ತೀರೋ ಇಲ್ಲವೋ, ಈ ದೇಶದ ಕಾಡಿನಲ್ಲಿ ಹಾವೇ ಇಲ್ಲ. ಹುಲಿ, ಚಿರತೆ, ಕರಡಿ ಇಲ್ಲ. ಮನುಷ್ಯ ಬರುವ ಮುಂಚೆ ಇಲ್ಲಿಯ ನೆಲದ ಮೇಲೆ ಮೊಲೆಯುಣಿಸುವ ಪ್ರಾಣಿ ಎಂದರೆ ಬಾವಲಿ ಮಾತ್ರ. ದರಗಿನ ಮೇಲೆ ಹೆಜ್ಜೆ ಇಡುವಾಗಲೆಲ್ಲ ನನ್ನ ಕಣ್ಣು ಇನ್ನೂ ಮಂಡಲದ ಹಾವನ್ನು ಹುಡುಕುತ್ತದೆ, ಸಂಜೆಯಾದರೆ ಕೈ ತಾನಾಗಿ ಇಂಬಳ ಕೀಳಲು ಹೋಗುತ್ತದೆ. ದಣಿವಾರಿಸಿಕೊಳ್ಳಲು ಕೂತಾಗ ರಾಬಿನ್ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿ ಕುಪ್ಪಳಿಸುತ್ತ ಬಂದು ನನ್ನ ಬೂಟಿನ ಮೇಲೇ ನಿಂತಿತು. ನೆಲದಲ್ಲಿ ಓಡಾಡುವ ಶತ್ರುವನ್ನೇ ಕಾಣದೆ ಬೆಳೆದ ಕುಲ, ಹೆದರಬೇಕೆಂದು ಅದಕ್ಕೆ ಗೊತ್ತಿಲ್ಲ. ಈ ನಂಬಿಕೆಯೇ ಅವುಗಳ ಪ್ರಾಣಕ್ಕೆ ಎರವಾಯಿತು. ಮೊದಲು ಮೊಲಗಳನ್ನು ತಂದು ಬಿಟ್ಟರು, ಅವು ಹೆಚ್ಚಿದವೆಂದು 1880ರ ದಶಕದಲ್ಲಿ ಮುಂಗುಸಿಯಂಥ ಸ್ಟೋಟ್ ಎಂಬ ಪ್ರಾಣಿಯನ್ನು ತಂದರು. ಅದು ಮೊಲ ಬಿಟ್ಟು ಹಕ್ಕಿಯ ಗೂಡಿಗೆ ಬಾಯಿ ಹಾಕಿತು. ಈಗ ಕಾಲುದಾರಿಯುದ್ದಕ್ಕೂ ಅಂಕೆ ಬರೆದ ಮರದ ಪೆಟ್ಟಿಗೆಗಳಿವೆ. ಒಳಗೆ ಬೋನು, ಬೋನಿನ ಹಿಂದೆ ಕೋಳಿಮೊಟ್ಟೆ. ಎಷ್ಟೋ ಕಡೆ ಊರಿನ ಜನ ಸಂಬಳವಿಲ್ಲದೆ ಬಂದು ಅವನ್ನು ನೋಡಿಕೊಳ್ಳುತ್ತಾರೆ.

ಐದು ಗಂಟೆ ನಡೆದ ಮೇಲೆ ಮರಗಳ ನಡುವೆ ಕಿತ್ತಳೆ ಬಣ್ಣದ ತಗಡು ಕಂಡಿತು. ಅದೇ ನಾವು ತಂಗುವ ಕಾಡುಮನೆ. ಇಲ್ಲಿಯವರು ಹಟ್ ಎನ್ನುತ್ತಾರೆ. ನಮ್ಮ ಅಡಿಕೆ ಬೇಯಿಸುವ ಮನೆಗಿಂತ ಚಿಕ್ಕದು: ಒಂದೇ ಕೋಣೆ, ಆರು ಜನ ಮಲಗಲು ಅಟ್ಟದಂಥ ಹಲಗೆಗಳು, ಒಂದು ಕಬ್ಬಿಣದ ಒಲೆ, ಒಂದು ಮೇಜು. ಮಾಡಿನ ನೀರು ಹೊರಗಿನ ತೊಟ್ಟಿಗೆ ಬೀಳುತ್ತದೆ, ಅದೇ ಕುಡಿಯಲು. ಮೂವತ್ತು ಹೆಜ್ಜೆ ಆಚೆ ಗುಂಡಿಯ ಪಾಯಿಖಾನೆ. ವಿದ್ಯುತ್ ಇಲ್ಲ.

ಬೀಗವೂ ಇಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಬಾಗಿಲಿಗೆ ಬರೀ ಅಗುಳಿ, ಗಾಳಿಗೆ ತೆರೆಯಬಾರದೆಂದು. ಯಾರು ಬೇಕಾದರೂ ಬರಬಹುದು, ಮಲಗಬಹುದು. ಇಲ್ಲಿಯ ಸರ್ಕಾರದ ಪ್ರಕೃತಿ ಸಂರಕ್ಷಣಾ ಇಲಾಖೆ 1987ರಲ್ಲಿ ಆರಂಭವಾಯಿತು. ಅದರ ಉಸ್ತುವಾರಿಯಲ್ಲಿ ದೇಶದಾದ್ಯಂತ ಇಂಥ 950ಕ್ಕೂ ಹೆಚ್ಚು ಮನೆಗಳಿವೆ. ಹೆಚ್ಚಿನವಕ್ಕೆ ಸಣ್ಣ ಮೊತ್ತದ ಚೀಟಿಯನ್ನು ಮೊದಲೇ ಕೊಂಡು ಪೆಟ್ಟಿಗೆಗೆ ಹಾಕಬೇಕು, ತೀರಾ ಚಿಕ್ಕವಕ್ಕೆ ಅದೂ ಬೇಡ. ಇವುಗಳಲ್ಲಿ ಬಹಳಷ್ಟು ಮನೆಗಳು ಜಿಂಕೆಗಳ ದೆಸೆಯಿಂದ ಹುಟ್ಟಿದವು. ಬೇಟೆಯ ಖುಷಿಗೆಂದು ಯುರೋಪಿನಿಂದ ತಂದ ಕೆಂಪು ಜಿಂಕೆಗಳು ಕಾಡಿನ ಎಳೆಸಸಿಗಳನ್ನೆಲ್ಲ ಮೇಯುತ್ತ ಬೆಳೆದವು. ಅವನ್ನು ತಡೆಯಲು ಸರ್ಕಾರವೇ 1930ರಿಂದ ಸಂಬಳದ ಬೇಟೆಗಾರರನ್ನು ಬೆಟ್ಟಕ್ಕೆ ಕಳಿಸಿತು. ಅವರು ತಂಗಲು ಅರಣ್ಯ ಇಲಾಖೆ 1950ರ ದಶಕದ ಕೊನೆಯಿಂದ ಕಣಿವೆ ಕಣಿವೆಯಲ್ಲೂ ಮನೆ ಕಟ್ಟಿಸಿತು. ಆ ಬೇಟೆಗಾರರ ಕಾಲ ಮುಗಿಯಿತು, ಮನೆಗಳು ನಡೆಯುವವರ ಪಾಲಿಗೆ ಉಳಿದವು.

ಒಲೆಯ ಪಕ್ಕದಲ್ಲಿ ಒಣಗಿದ ಸೌದೆ ಒಟ್ಟಿತ್ತು. ಮೇಲೆ ಬೆರಳು ಗಾತ್ರದ ಚಕ್ಕೆಗಳು ಬೇರೆಯಾಗಿ. ನಮಗಿಂತ ಹಿಂದೆ ಬಂದುಹೋದವರು ಒಡೆದಿಟ್ಟದ್ದು. ಹೊರಡುವ ಮುಂಚೆ ಉರಿಸಿದಷ್ಟನ್ನು ತುಂಬಿಸಿ ಹೋಗುವುದು ಇಲ್ಲಿಯ ವಾಡಿಕೆ, ಮುಂದೆ ಬರುವವರು ನೆನೆದು ನಡುಗುತ್ತ ಬಂದರೆ ಬೆಂಕಿಗೆ ಕಾಯಬಾರದು. ಅಮ್ಮ, ಮಳೆಗಾಲಕ್ಕೆ ಮುಂಚೆ ನೀನು ಬಚ್ಚಲೊಲೆಯ ಹಿಂದೆ ಚಕ್ಕೆ, ಸೋಗೆ, ಕಾಯಿಸಿಪ್ಪೆ ಬೇರೆ ಬೇರೆ ಜೋಡಿಸುತ್ತೀಯಲ್ಲ, ಹಾಗೆಯೇ ಇತ್ತು. ನೀನು ಮನೆಯವರಿಗಾಗಿ ಜೋಡಿಸುತ್ತೀ. ಇವರು ಮುಖವೇ ನೋಡದವರಿಗಾಗಿ ಜೋಡಿಸಿದ್ದರು.

ಮೇಜಿನ ಮೇಲೊಂದು ಪುಸ್ತಕ. ಯಾರು ಬಂದರು, ಎಲ್ಲಿಂದ, ಮುಂದೆ ಯಾವ ದಾರಿ ಎಂದು ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಈ ಪುಸ್ತಕವನ್ನೇ. ಹೆಸರಿನ ಕೆಳಗೆ ‘ತೀರ್ಥಹಳ್ಳಿ’ ಎಂದು ಕನ್ನಡದಲ್ಲಿ ಬರೆದೆ.

ಭಾನುವಾರ ಮಧ್ಯಾಹ್ನದವರೆಗೆ ಬಿಸಿಲಿತ್ತು. ಮೇಲಿನ ಬಯಲಿಗೆ ಹೋಗಿ ಬಂದೆವು. ಆಮೇಲೆ ವಾಯವ್ಯದಿಂದ ಗಾಳಿ ಎದ್ದಿತು, ಬೆಟ್ಟದ ಬೆನ್ನ ಮೇಲೆ ಮೋಡ ಕವಿಯಿತು. ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರಬ್ಬಿ ಸಮುದ್ರದ ಮೋಡ ನಮ್ಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿದು ಬಯಲುಸೀಮೆಗೆ ಒಣಗಾಳಿಯಾಗಿ ಇಳಿಯುವ ಹಾಗೆ, ಟಾಸ್ಮನ್ ಸಮುದ್ರದ ಮೋಡ ಈ ಬೆಟ್ಟಸಾಲಿಗೆ ಬಡಿದು ಇಲ್ಲಿ ಸುರಿಯುತ್ತದೆ. ಆರ್ಥರ್ಸ್ ಪಾಸ್‌ಗೆ ವರ್ಷಕ್ಕೆ 4000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಎರಡು ಗಂಟೆ ದೂರದ ಕ್ರೈಸ್ಟ್‌ಚರ್ಚ್‌ಗೆ ಸುಮಾರು 600.

ರಾತ್ರಿಯಿಡೀ ತಗಡಿನ ಮೇಲೆ ಮಳೆ. ಪಕ್ಕದಲ್ಲಿ ಮಲಗಿದವಳ ಮಾತು ಕೇಳುತ್ತಿರಲಿಲ್ಲ. ಅದರ ಅಡಿಯಲ್ಲಿ ಇನ್ನೊಂದು ಸದ್ದು, ದೂರದಲ್ಲಿ ಯಾರೋ ಒರಳು ಉರುಳಿಸುತ್ತಿದ್ದಾರೆ ಎಂಬಂತೆ. ನೆರೆಯ ನೀರಿನಡಿ ಬಂಡೆಗಳು ಒಂದಕ್ಕೊಂದು ಬಡಿಯುತ್ತ ಉರುಳುವ ಸದ್ದು ಅದು.

ಸೋಮವಾರ ಬೆಳಗ್ಗೆ ಮಳೆ ತುಸು ತೆಳುವಾಯಿತು. ಹೊಳೆಯ ಬಳಿಗೆ ಹೋದೆವು. ಮೂರು ನಾಲ್ಕು ಎಳೆಗಳು ಒಂದಾಗಿದ್ದವು. ನೀರು ಸಿಮೆಂಟು ಕಲಸಿದ ಬಣ್ಣ. ಆದರೂ ಒಂದು ಕಡೆ ಅಗಲವಾಗಿ ಹರಡಿತ್ತು, ತೊಡೆಯಷ್ಟು ಇರಬಹುದೇನೋ. ಗೆಳತಿಗೆ ಮಂಗಳವಾರ ಬೆಳಗಿನ ಪಾಳಿ. ‘ಇಬ್ಬರೂ ತೋಳು ಹೆಣೆದುಕೊಂಡು ಇಳಿದರೆ ಆಗುತ್ತದೆ, ಮಳೆಯೂ ನಿಲ್ಲುತ್ತಿದೆ’ ಎಂದಳು. ಅವಳು ನನಗಿಂತ ಎಷ್ಟೋ ಅನುಭವಸ್ಥೆ. ನನಗೂ ನಿಮಗೆ ಫೋನ್ ಮಾಡಬೇಕಿತ್ತು. ನಿಜ ಹೇಳುತ್ತೇನೆ, ಚೀಲದ ಎದೆಪಟ್ಟಿ ಬಿಚ್ಚಿಕೊಂಡು ಇಳಿಯಲು ಸಿದ್ಧಳಾಗಿದ್ದೆ.

ಆಗ ನೀವು ನೆನಪಾದಿರಿ, ಅಪ್ಪಯ್ಯ. ನಾನು ನಾಲ್ಕನೆಯ ತರಗತಿ, ಆಷಾಢದ ಮಳೆ, ಮನೆಯ ಕೆಳಗಿನ ಹಳ್ಳ ಸಂಕಕ್ಕೆ ತಾಗಿ ಹರಿಯುತ್ತಿತ್ತು. ಅಂದು ಪರೀಕ್ಷೆ ಇತ್ತು, ನಾನು ಅಳುತ್ತಿದ್ದೆ. ನೀವು ಕಂಬಳಿಕೊಪ್ಪೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ನೀರಿನಂಚಿಗೆ ಸರಿಯಾಗಿ ಒಂದು ಕಲ್ಲು ಇಟ್ಟಿರಿ. ‘ನಾನು ಒಂದು ಎಲೆಅಡಿಕೆ ಕವಳ ಹಾಕುತ್ತೇನೆ, ನೀನು ಕಲ್ಲು ನೋಡುತ್ತಿರು’ ಎಂದಿರಿ. ನಿಮ್ಮ ಕವಳ ಮುಗಿಯುವ ಮುಂಚೆ ಕಲ್ಲು ಮುಳುಗಿತ್ತು. ‘ಹೊಳೆಗೆ ಇನ್ನೂ ಬರುವುದಿದೆ. ನಡಿ ಮನೆಗೆ’ ಎಂದಿರಿ. ಪರೀಕ್ಷೆ ತಪ್ಪಿತು. ಅದಕ್ಕಾಗಿ ಒಂದು ವಾರ ನಿಮ್ಮ ಹತ್ತಿರ ಮಾತಾಡಿರಲಿಲ್ಲ.

ಒಂದು ಕಲ್ಲು ತೆಗೆದು ನೀರಿನಂಚಿಗೆ ಇಟ್ಟೆ. ‘ಹದಿನೈದು ನಿಮಿಷ ಕೊಡು’ ಎಂದೆ. ಅವಳು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಮೇಲಿನ ಆಕಾಶ ಬೆಳಗಾಗುತ್ತಲೇ ಇತ್ತು, ಆದರೆ ಹತ್ತು ನಿಮಿಷಕ್ಕೆ ಕಲ್ಲಿನ ಅರ್ಧ ಹೋಯಿತು, ಹದಿನೈದಕ್ಕೆ ಕಲ್ಲು ಇರಲಿಲ್ಲ. ನಾವು ನೋಡುತ್ತಿದ್ದ ಹಾಗೆಯೇ ಎದುರಿನ ದಡದಿಂದ ಬುಡಸಮೇತ ಒಂದು ಮರ ಜಾರಿ, ನಾವು ದಾಟಬೇಕೆಂದಿದ್ದ ಜಾಗದಲ್ಲೇ ಮಗುಚುತ್ತ ಹೋಯಿತು. ಗೆಳತಿ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಮಾತಿಲ್ಲದೆ ಮನೆಗೆ ತಿರುಗಿದೆವು. ಈ ದೇಶಕ್ಕೆ ಮೊದಲು ಬಂದ ಬಿಳಿಯರ ಕಾಲದಲ್ಲಿ ಹೊಳೆಯಲ್ಲಿ ಮುಳುಗುವುದನ್ನು ‘ನ್ಯೂಜಿಲೆಂಡಿನ ಸಾವು’ ಎಂದೇ ಕರೆಯುತ್ತಿದ್ದರಂತೆ, ಅಷ್ಟು ಜನ ಹಾಗೆ ಹೋಗಿದ್ದರು. ಒಲೆಯ ಮುಂದೆ ಕೂತಾಗ ಅವಳು ಇದನ್ನು ಹೇಳಿದಳು.

ಅಮ್ಮ, ಮುಂದಿನದು ನಿನಗೆ. ನಮ್ಮ ಹತ್ತಿರ ಅಂಗೈಯಷ್ಟಗಲದ ಒಂದು ಯಂತ್ರ ಇತ್ತು. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ನಾವಿರುವ ಜಾಗ ತಿಳಿಯುತ್ತದೆ, ಹೆಲಿಕಾಪ್ಟರ್ ಬರುತ್ತದೆ. ಅದನ್ನು ಪ್ರಾಣಕ್ಕೆ ಬಂದಾಗ ಮಾತ್ರ ಒತ್ತಬೇಕು. ನಮಗೆ ಸೂರಿತ್ತು, ಬೆಂಕಿಯಿತ್ತು. ನಮ್ಮ ಪಕ್ಕದ ಮನೆಯವರಿಗೂ ‘ಬುಧವಾರ ಸಂಜೆಯವರೆಗೆ ಬಾರದಿದ್ದರೆ ಪೊಲೀಸರಿಗೆ ಹೇಳಿ’ ಎಂದು ಬರೆದುಕೊಟ್ಟು ಬಂದಿದ್ದೆವು. ಅವರಿಗೆ ಹೇಳಿದ್ದನ್ನು ನಿನಗೆ ಹೇಳಿರಲಿಲ್ಲ, ತಪ್ಪು ಅದೇ. ಇನ್ನು ಮುಂದೆ ಎಲ್ಲಿಗೆ ಹೊರಟರೂ ತಮ್ಮನ ಮೊಬೈಲಿಗೆ ದಾರಿ, ದಿನ, ಪಕ್ಕದ ಮನೆಯವರ ನಂಬರು ಮೂರನ್ನೂ ಕಳಿಸುತ್ತೇನೆ.

ಸೋಮವಾರ, ಮಂಗಳವಾರ ಅಲ್ಲೇ. ಅನ್ನ ಮುಗಿದಿತ್ತು. ಇಲ್ಲಿಯ ಭಾರತೀಯ ಅಂಗಡಿಯಿಂದ ತಂದ ಗಟ್ಟಿ ಅವಲಕ್ಕಿ ಮತ್ತು ಬೆಲ್ಲ ಉಳಿದಿದ್ದವು. ಗೆಳತಿ ಮೊದಲ ಸಲ ತಿಂದಳು, ಬೆರಳು ಚೀಪಿದಳು. ಮಂಗಳವಾರ ಮಧ್ಯಾಹ್ನ ಮಳೆ ನಿಂತ ಕೂಡಲೇ ‘ಕೀ-ಆ’ ಎಂದು ಕೂಗುತ್ತ ಎರಡು ಕಿಯಾಗಳು ಬಂದು ತಗಡಿನ ಮೇಲೆ ಜಾರಿದವು. ಹಿಮದ ಬೆಟ್ಟದಲ್ಲಿ ಬದುಕುವ ಗಿಣಿ ಅದು, ಕೂಗೇ ಹೆಸರು. ಮೈ ಹಸಿರು, ರೆಕ್ಕೆ ಬಿಚ್ಚಿದರೆ ಅಡಿಯಲ್ಲಿ ಕೆಂಡದ ಬಣ್ಣ. ಬೂಟು ಹೊರಗಿಟ್ಟರೆ ಕೊಕ್ಕಿನಿಂದ ಬಿಡಿಬಿಡಿ ಮಾಡುತ್ತದೆ ಎಂದು ಒಳಗೆ ಎತ್ತಿಟ್ಟುಕೊಂಡೆವು. ಈಗ ಅವೂ ಕಡಿಮೆಯಾಗಿವೆ, ಅಳಿವಿನ ಅಂಚಿನಲ್ಲಿವೆ. ಅವು ಹಾರಿಹೋಗುವವರೆಗೆ ಮಳೆನೀರು ತೊಟ್ಟಿಕ್ಕುವ ಬಾಗಿಲಲ್ಲಿ ನಿಂತೇ ಇದ್ದೆ.

ಅಷ್ಟು ದಿನ ಉರಿಸಿ ಉರಿಸಿ ಒಳಗಿನ ಸೌದೆ ಖಾಲಿಯಾಗುತ್ತ ಬಂದಿತ್ತು. ಕೊಡಲಿ ಹಿಡಿದು ಇಬ್ಬರೂ ಸರದಿಯಂತೆ ಬಿದ್ದ ಮರದ ತುಂಡು ಒಡೆದೆವು. ಅಪ್ಪಯ್ಯ, ಕೊಡಲಿಗೆ ಮೊಂಡು ಹಿಡಿದಿತ್ತು. ಹೊಳೆಯ ಕಲ್ಲಿನಲ್ಲಿ ಮಸೆದೆ, ನಿಮ್ಮ ಹಾಗೆ ಒಂದೇ ದಿಕ್ಕಿಗೆ. ಹಸಿ ತುಂಡುಗಳನ್ನು ಒಲೆಯ ಹಿಂದಿನ ಗೋಡೆಗೆ ಒರಗಿಸಿ, ಒಣಗಿದ್ದನ್ನು ಮುಂದಿಟ್ಟೆ. ನಮಗೆ ಸಿಕ್ಕದ್ದಕ್ಕಿಂತ ಒಂದು ತೋಳು ಹೆಚ್ಚೇ ಒಟ್ಟಿದೆವು.

ಒಡೆಯುವಾಗ ಅಜ್ಜನ ಅರವಟಿಗೆ ನೆನಪಾಯಿತು. ಘಟ್ಟದ ಕಾಲುದಾರಿಯ ಬಳಿ ಹಲಸಿನ ಮರದಡಿ ಮಣ್ಣಿನ ಹರವಿಯಲ್ಲಿ ನೀರು, ಒಂದು ತುಂಡು ಬೆಲ್ಲ ಇಡಿಸುತ್ತಿದ್ದರು ಎಂದು ನೀವು ಹೇಳುತ್ತಿದ್ದಿರಿ. ಬಸ್ಸು ಬಂದ ಮೇಲೆ ನಡೆಯುವವರೇ ಇಲ್ಲವೆಂದು ನಿಂತುಹೋಯಿತಂತೆ. ಕೇಳುವಾಗ ನನಗದು ಹಳೆಯ ಕಾಲದ ಕಥೆಯಷ್ಟೇ ಆಗಿತ್ತು. ಇಲ್ಲಿ ನೆನೆದು ಬಂದು ಯಾರೋ ಇಟ್ಟ ಚಕ್ಕೆಗೆ ಕಡ್ಡಿ ಗೀರಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಆ ಹರವಿ ಈಗ ಎಲ್ಲಿದೆ? ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಗಳ ಹಿಂದೆ ನೋಡಿದ ನೆನಪು. ಒಡೆದಿಲ್ಲದಿದ್ದರೆ ತೆಗೆದಿಡಿ, ನಾನು ಬಂದಾಗ ನೋಡಬೇಕು.

ಬುಧವಾರ ಬೆಳಗ್ಗೆ ನನ್ನ ಕಲ್ಲು ನೀರಿನಿಂದ ಎಂಟು ಮಾರು ಆಚೆ, ಒಣಗಿ ಬಿದ್ದಿತ್ತು. ಏರಿದಷ್ಟೇ ಬೇಗ ಇಳಿಯುವ ಹೊಳೆಗಳಿವು. ತೋಳು ಹೆಣೆದುಕೊಂಡು ದಾಟಿದೆವು, ಮತ್ತೆ ಮೊಣಕಾಲಿನಷ್ಟೇ ನೀರು. ಮಧ್ಯಾಹ್ನ ಎರಡಕ್ಕೆ ಕಾರು ಸೇರಿ, ಸಿಗ್ನಲ್ ಸಿಕ್ಕ ಮೊದಲ ತಿರುವಿನಲ್ಲಿ ಪಕ್ಕದ ಮನೆಯವರಿಗೂ ನಿಮಗೂ ಫೋನ್ ಮಾಡಿದೆ.

ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಅಡಿಕೆಗೊನೆಯ ಕೊಯ್ಲು ನಡೆಯುತ್ತಿರುತ್ತದೆ. ಈ ಸಲ ಮರ ಹತ್ತಿ ಕೊನೆ ಇಳಿಸಲು ಕೊನೆಗೌಡ ಸಿಕ್ಕಿದನೇ? ಅಡಿಕೆ ಸುಲಿಯಲು ಜನ ಬಂದರೇ? ಅಮ್ಮನ ಮೊಣಕಾಲು ನೋವಿಗೆ ಎಣ್ಣೆ ತಪ್ಪಿಸಬೇಡಿ. ಭಾನುವಾರ ನಿಮ್ಮಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತೇನೆ. ನಾಲ್ಕನೆಯ ತರಗತಿಯ ಆ ಒಂದು ವಾರದ ಮಾತನ್ನೂ ಅಂದೇ ಆಡಿ ತೀರಿಸಬೇಕೆಂದಿದ್ದೇನೆ, ಅಪ್ಪಯ್ಯ. ತೋಟಕ್ಕೆ ಹೋಗದೆ ಮನೆಯಲ್ಲೇ ಇರಿ.

ಇಂತು ನಿಮ್ಮ ಪ್ರೀತಿಯ ಮಗಳು