ಹೆಸರು ಗೊತ್ತಿಲ್ಲದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಿಕೊಳ್ಳುವಷ್ಟೂ ಹೊತ್ತು ಸಿಗಲಿಲ್ಲ. ಅದಕ್ಕೇ ಎಲ್ಲರೆದುರು ಇಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಅಮ್ಮನನ್ನು ಆಪರೇಷನ್‌ಗೆ ಕರೆದುಕೊಂಡು ಹೋದ ರಾತ್ರಿ ನಾನು ಹೊರಗೆ ಒಬ್ಬಳೇ ಕೂತಿದ್ದೆ. ನಿಮ್ಮ ಮನೆಯವರೂ ಒಳಗೇ ಇದ್ದರು. ಆದರೂ ಎದ್ದು ಬಂದು ನನ್ನ ಪಕ್ಕ ಕೂತಿರಿ. ಫೋನ್ ಆಫ್ ಆಗಿದ್ದನ್ನು ನೋಡಿ ಚಾರ್ಜರ್ ಕೊಟ್ಟಿರಿ. ಕೆದರಿಹೋಗಿದ್ದ ಫೈಲ್ ತೆಗೆದುಕೊಂಡು, ಡಾಕ್ಟರ್ ಮೊದಲು ಕೇಳುವ ರಿಪೋರ್ಟ್ ಮೇಲೆ ಬರುವ ಹಾಗೆ ಕಾಗದಗಳನ್ನು ಒಂದೊಂದಾಗಿ ಜೋಡಿಸಿದಿರಿ. ಆಮೇಲೆ, "ಪ್ರಾರ್ಥನೆ ಮಾಡಲಾ?" ಅಂದಿರಿ. ಹಾಗೆ ಕೇಳಿ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಉದ್ದದ ಮಾತೇನೂ ಇರಲಿಲ್ಲ. ಅಮ್ಮನ ಹೆಸರು, ಡಾಕ್ಟರ ಕೈಗಳು, ನಿದ್ದೆಗೆಟ್ಟ ನರ್ಸುಗಳು. ಇಷ್ಟನ್ನೇ ಯೇಸುವಿನ ಮುಂದೆ ಇಟ್ಟಿರಿ.

ಅಮ್ಮ ಈಗ ಹುಷಾರಾಗಿದ್ದಾರೆ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ 10 ಜನ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ತಿರುಗಿ ಬಂದು ಯೇಸುವಿಗೆ ಕೃತಜ್ಞತೆ ಹೇಳುವವನು ಒಬ್ಬನೇ, ಅದೂ ಯೆಹೂದ್ಯರು ಹೊರಗಿನವನೆಂದು ದೂರ ಇಡುತ್ತಿದ್ದ ಸಮಾರ್ಯದವನು. ಚಿಕ್ಕಂದಿನಿಂದ ಕೇಳಿದ ಕಥೆ. ಈಗ ಓದಿದರೆ ಬೇರೇನೋ ಕಣ್ಣಿಗೆ ಬೀಳುತ್ತದೆ: ಅವರಿಗೆ ವಾಸಿಯಾದದ್ದು ದಾರಿಯಲ್ಲಿ ನಡೆದುಹೋಗುತ್ತಿರುವಾಗ. ದೇವರು ಭಾನುವಾರದ ಆರಾಧನೆಗೇ ಅಂತ ಕಾದು ಕೂರುವುದಿಲ್ಲ, ಅಲ್ವಾ? ನಿಮ್ಮನ್ನು ಕಂಡ ಮೇಲೆ ನನಗೆ ಇದರಲ್ಲಿ ನಂಬಿಕೆ ಜಾಸ್ತಿಯಾಗಿದೆ. ಬೆಳಿಗ್ಗೆ ಅಮ್ಮ ಮಾತ್ರೆ ನುಂಗಿ ಲೋಟ ಕೆಳಗಿಡುವಾಗಲೂ "ಸ್ತೋತ್ರ ಕರ್ತನೇ" ಎಂದು ಬಾಯಿಗೆ ಬರುತ್ತದೆ.

ನಿಮ್ಮವರು ಹೇಗಿದ್ದಾರೆ? ಹೆಸರು ಗೊತ್ತಿಲ್ಲದಿದ್ದರೂ ಅಮ್ಮನೂ ನಾನೂ ದಿನಾ ಅವರಿಗಾಗಿ ಪ್ರಾರ್ಥಿಸುತ್ತೇವೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮಾತು ತಿಳಿಸಿ ಅಕ್ಕಾ. ಅಮ್ಮ ನಿಮ್ಮ ಹತ್ತಿರ ಮಾತಾಡಬೇಕಂತೆ.